ಕಸ್ತೂರಿಯ ಕರಡಿ

ಜೂನ್ 9, ಸೋಮವಾರ

ರೊಟ್ಟಿ ಬಡದು ಮುಗದಿಲ್ಲ, ಆಗಲೇ ಟಿವಿ ಶುರು. ಅದಽ ಹಳೀ ಕಾರ್ಟೂನು. ಕಪ್ಪು-ಬಿಳುಪು. ಕರಡಿ ಡೋಲು ಬಡೀತೈತಿ, ಮಂಗ್ಯಾ ಪೇಟಿ ಬಾರಸ್ತೈತಿ, ಕೋಳಿ ಹಾಡತೈತಿ. ಎಲ್ಲಾ ಇಂಗ್ಲಿಷ್. ಕಾಜಲ್‌ಗ ಒಂದಕ್ಷರ ತಿಳಿಯೂದಿಲ್ಲ. ಆದ್ರೂ ನಗ್ತಾಳ.

"ಏನ್ ತಿಳೀತೈತಿ ನಿನಗ?" ಅಂದ್ನಿ.

"ಮೌಶಿ, ನಮ್ಮವ್ವ ಇದಕ್ಕೆಲ್ಲಾ ಕನ್ನಡದಾಗ ಮಾತಾಡ್ತಿದ್ಳು. ಕರಡಿ ದನಿ ಭಾಳ ಚಂದ ತಗೀತಿದ್ಳು. ನಿನಗ ಬರತೈತಿ?"

ಹುಕ್ಕೇರಿಗೆ ಲಗ್ನಾಗಿ ಬಂದು ಇಷ್ಟು ದಿನಾತು, ನಾ ಇನ್ನೂ ಮೌಶಿ, ಚಿಕ್ಕವ್ವ ಅಷ್ಟಽ. ಅವ್ವ ಅಂದ್ರ ಕಸ್ತೂರಿ, ಇವರ ಮದಲನೇ ಹೆಂಡ್ತಿ. ಸತ್ತು ವರ್ಷ ಮ್ಯಾಲಾತು... ಸತ್ತಾಕಿ ಮ್ಯಾಲೆ ಹೊಟ್ಟೆಕಿಚ್ಚು. ಬರಕೊಳ್ಳಾಕೂ ನಾಚಿಕಿ.

ಜೂನ್ 11

ಕಾರ್ಟೂನ್ ಇರೂ ಪೆನ್‌ಡ್ರೈವ್ ಟಿವಿಯಿಂದ ಕಿತ್ತು ಅಕ್ಕಿ ಡಬ್ಬಿಯೊಳಗ ಇಟ್ನಿ. ಹುಡುಗಿ ಹುಡುಕಿ ಹುಡುಕಿ ಅತ್ಳು. ಊಟ ಬಿಟ್ಳು. ಅತ್ತಿ ಅಂದ್ರು — "ಇಲಿ ಒಯ್ದಿರಬೇಕು ಬಿಡವ್ವಾ." ನನ್ನ ಮಾರಿ ನೋಡಕೋತ.

ಸಂಜಿಕ ತಿರುಗಿ ಹಚ್ಚಿದ್ನಿ.

ಜೂನ್ 22, ರವಿವಾರ

ಇವರು ಟೆಂಪೊ ತಗೊಂಡು ಗೋಕಾಕಕ್ಕ ಹೋಗಿದ್ರು. ಕಾಜಲ್ ನನಗ ಕರಡಿ ದನಿ ಕಲಿಸಾಕ ಕುಂತ್ಳು. "ಹಂಗಲ್ಲ ಮೌಶಿ, ಮೂಗಿನಾಗಿಂದ — 'ಮದ್ಲ ಜೇನ ಕೊಡ್ರೋ, ಆಮ್ಯಾಲೆ ಡೋಲು!'"

ಬಂತು. ಹುಡುಗಿ ನಕ್ಕು ನಕ್ಕು ನನ್ನ ತೊಡಿ ಮ್ಯಾಲೆ ಬಿದ್ಳು. ಮದಲನೇ ಸಲ.

ಹೊಳ್ಳಿ ನೋಡಿದ್ನಿ. ಬಾಗಿಲದಾಗ ಇವರು. ಯಾವಾಗ ಬಂದಿದ್ರೋ... ಕಣ್ಣು ತುಂಬಿದ್ವು.

"ಥೇಟ್ ಕಸ್ತೂರಿ," ಅಂದ್ರು.

ಲಗ್ನಾದಾಗಿಂದ ನನ್ನ ಹಂಗ ನೋಡಿಲ್ಲ. ಇವತ್ತೂ ನೋಡಿದ್ದು ನನ್ನಲ್ಲ.

ಜೂನ್ 23

ಕರದಂಟು ತಂದಾರ. ನನ್ನ ಕೈಯಾಗಽ ಕೊಟ್ರು. "ಸಂಜಿಕ ಇನ್ನೊಮ್ಮೆ ಕರಡಿ ಮಾಡ್ತಿ ಏನ?"

"ಕರಡಿಗೆ ನೆಗಡಿ ಆಗೈತ್ರಿ."

ಕರದಂಟು ಅತ್ತಿಗೆ ಕೊಟ್ನಿ. ನಾ ಮುಟ್ಟಲಿಲ್ಲ.

ಜುಲೈ 6, ರವಿವಾರ, ಸಂಜಿ

ಇಷ್ಟು ದಿನ ಕರಡಿ ಮೂಕ. ಇವತ್ತ ಕಾಜಲ್ ಬಾಜೂಕ ಬಂದು ಕುಂತ್ಳು. "ಮೌಶಿ, ಸಿಟ್ಟಾಗಬ್ಯಾಡ. ಕರಡಿ ಅವ್ವಂದಽ ಇರಲಿ. ನಿಂದು ಯಾವುದು?"

"ಕೋಳಿ," ಅಂದ್ನಿ.

ಟಿವಿ ದನಿ ಬಂದ್ ಮಾಡಿದ್ನಿ. ಕೋಳಿ ಬಾಯಿ ತಗದಾಗೆಲ್ಲಾ ನಾ ಹಾಡಿದ್ನಿ — ತವರೂರು ಮಸಗುಪ್ಪ್ಯಾಗ ನಮ್ಮವ್ವ ಕಸ ತಗಿಯುವಾಗ ಹೊಲದಾಗ ಹಾಡ್ತಿದ್ದ ಹಾಡು. ನನ್ನ ದನೀಲೆ. ಹುಡುಗಿ ಚಪ್ಪಾಳಿ ಬಡದ್ಳು.

ಅತ್ತೀನ ಸಣ್ಣಗ ಕೇಳಿದ್ನಿ, "ಕಸ್ತೂರಿಗೆ ಈ ಹಾಡು ಬರ್ತಿತ್ತೇನ್ರಿ?"

"ಇಲ್ಲ ಬಿಡವ್ವಾ."

ಎಷ್ಟು ತಂಪಾತು ಹೊಟ್ಟಿ!

ಇವರು ಚಾ ಕಪ್ ಕೆಳಗಿಟ್ರು. ಹೆಸರು ಹಿಡದು ಕರದ್ರು. "ಶೈಲಾ, ನಿಂದರಿಸಬ್ಯಾಡ. ಮುಂದ ಹಾಡು."

ನನ್ನನ್ನಽ ನೋಡಾಕತ್ತಿದ್ರು. ಮುಂದಿನ ಸಾಲು ಮರತಽ ಬಿಟ್ನಿ.