ಆಯಿಲ್ ದೀಪಕ್ಕೆ ಕಟ್ಟಿದ ವೈರು

ಲಕ್ಷ್ಮೇಶ್ವರ
೨೨ ಜನವರಿ ೧೯೮೪, ರವಿವಾರ

ಪ್ರೀತಿಯ ಅಪ್ಪನಿಗೆ ಮಾಶಾಕನ ಸಲಾಂ.

ಹೇಗಿದ್ದೀರಿ? ಹೊಂಬಳದ ಚಳಿಗೆ ಮೊಣಕಾಲು ಹಿಡಿದಿಲ್ಲ ತಾನೇ? ಅಕ್ಕ ರಮಜಾನಬಿ ಕೊಟ್ಟಷ್ಟೂ ಚಹಾ ಕುಡಿಯಬೇಡಿ, ಸಕ್ಕರೆ ಹಾಕುವಾಗ ಅವಳ ಕೈ ಸಡಿಲ. ಅವ್ವ ಆರಾಮಾಗಿದ್ದಾಳೆ. ನೀವು ಹೋಗಿ ಹನ್ನೊಂದು ದಿನವಾದರೂ ಮರೆತು ನಿಮ್ಮ ಪಾಲಿನ ರೊಟ್ಟಿಯನ್ನೂ ಬಡಿಯುತ್ತಾಳೆ, ಆಮೇಲೆ ಸಿಟ್ಟನ್ನು ನನ್ನ ಮೇಲೆ ತೀರಿಸಿಕೊಳ್ಳುತ್ತಾಳೆ. ಆ ಸಿಟ್ಟು ಸರಿಯಾದ ಕಡೆಗೇ ಬರುತ್ತಿದೆ ಎಂದು ಅವಳಿಗೆ ಗೊತ್ತಿಲ್ಲ.

ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಮಳೆಗಾಲದ ಜ್ವರದ ನಂತರ ನಿಮ್ಮ ಕಿವಿ ಮಂದವಾಗಿದೆ. ಮೂವತ್ತು ವರ್ಷ ಎಂಜಿನ್ನಿನ ದನಿ ಕೇಳಿಯೇ ಬಾಡಿಗೆ ಕಾರು ಹೊಡೆದವರು ನೀವು. "ತಣ್ಣನ ಎಂಜಿನ್ನಿಗೆ ರೇಸ್ ಕೊಡಬ್ಯಾಡಲೇ, ಅದೂ ಈಗಷ್ಟ ಎದ್ದೈತಿ" ಎಂದು ನನ್ನನ್ನು ಬೈದವರು ಈ ಚಳಿಗಾಲದಲ್ಲಿ ನೀವೇ ಮುಂಜಾನೆ ಗಾಡಿ ಒದರುವಂತೆ ರೇಸ್ ಕೊಡುತ್ತಿದ್ದಿರಿ. ನಿಮಗದು ಕೇಳಿಸುತ್ತಿರಲಿಲ್ಲ, ಹೇಳುವ ಧೈರ್ಯ ನನಗಾಗಲಿಲ್ಲ. ರೇಡಿಯೋ ರಿಪೇರಿ ಕಲಿತ ಜಾಣ ನಾನು. ಕಿವಿಗೆ ಕೇಳದ್ದನ್ನು ಕಣ್ಣಿಗೆ ತೋರಿಸಲು ಹೊರಟೆ. ಎಂಜಿನ್ ತಣ್ಣಗಿದ್ದಾಗ ಸ್ವಲ್ಪ ಜೋರಾಗಿ ತಿರುಗಿದರೂ ದೀಪ ಹತ್ತಬೇಕು. ಬಿಸಿಯಾದ ಮೇಲೆ ವಿಪರೀತ ರೇಸ್ ಕೊಟ್ಟರೆ ಮಾತ್ರ ಹತ್ತಬೇಕು. ಅದಕ್ಕಾಗಿ ಶಾಖ ತಿಳಿಯುವ ಸ್ವಿಚ್ಚೊಂದನ್ನು ಎಂಜಿನ್ನಿಗೆ ಕೂರಿಸಿದೆ, ತಿರುಗುವ ವೇಗವನ್ನು ಕಿಡಿ ಹೊಡೆಸುವ ಕಾಯಿಲ್ಲಿನ ವೈರಿನಿಂದ ತೆಗೆದುಕೊಂಡೆ. ದೀಪಕ್ಕೆ ಜಾಗ ಬೇಕಲ್ಲ? ಡ್ಯಾಶ್‌ಬೋರ್ಡಿಗೆ ತೂತು ಕೊರೆದರೆ ನೀವು ನನ್ನ ಚರ್ಮ ಸುಲಿಯುತ್ತಿದ್ದಿರಿ. ಅದಕ್ಕೇ ಎಂಜಿನ್ನಿನಲ್ಲಿ ಆಯಿಲ್ ಕೈಕೊಟ್ಟರೆ ಹತ್ತಲೆಂದು ಮೊದಲಿನಿಂದ ಇದ್ದ ಕೆಂಪು ಆಯಿಲ್ ದೀಪಕ್ಕೇ ರಾತ್ರಿ ಕೂತು ನನ್ನ ವೈರು ಕಟ್ಟಿದೆ. ಬೆಳಗಾದ ಮೇಲೆ ಹೇಳಿದರಾಯಿತು ಎಂದುಕೊಂಡೆ.

ನಾನು ಏಳುವ ಮೊದಲೇ ನೀವು ನಮ್ಮ ಓಣಿಯ ಅಂದಪ್ಪ ಕಾಕಾನನ್ನೂ ಅವರ ಮಗಳು ಮಂಜವ್ವನನ್ನೂ ಕೂರಿಸಿಕೊಂಡು ಗದಗಿನ ರೈಲಿಗೆ ಹೊರಟಿದ್ದಿರಿ. ಧಾರವಾಡದಲ್ಲಿ ಅವಳ ಶಿಕ್ಷಕಿ ತರಬೇತಿಯ ಸಂದರ್ಶನವಿತ್ತು. ಊರು ದಾಟುತ್ತಲೇ ಕೆಂಪು ದೀಪ; ಹಿಂದಿನ ಸೀಟಿನಲ್ಲಿದ್ದ ಅವರಿಗೆ ಅದು ಕಾಣುತ್ತಿರಲಿಲ್ಲ. ಆಯಿಲ್ ದೀಪ ಹತ್ತಿದರೆ ನಿಂತಲ್ಲೇ ಎಂಜಿನ್ ಬಂದ್ ಮಾಡಬೇಕೆನ್ನುವುದು ನಿಮ್ಮ ಶಾಸ್ತ್ರ. ಬಂದ್ ಮಾಡಿದಿರಿ, ಆಯಿಲ್ ನೋಡಿದಿರಿ, ಸರಿಯಿತ್ತು. ಹೊರಟರೆ ಮತ್ತೆ ಹತ್ತಿತು. ನಿಲ್ಲಿಸಿ ನಿಲ್ಲಿಸಿ ಎಂಜಿನ್ ಬಿಸಿಯಾಗಲೇ ಇಲ್ಲ, ದೀಪ ನಿಮ್ಮ ಬೆನ್ನು ಬಿಡಲೇ ಇಲ್ಲ. ಹಿಂದಿನಿಂದ ಬಂದ ಬಸ್ಸು ಹತ್ತಿ ಅವರು ಗದಗು ಮುಟ್ಟುವಷ್ಟರಲ್ಲಿ ರೈಲು ಹೋಗಿತ್ತು. ಮಂಜವ್ವನ ಸಂದರ್ಶನವೂ ಹೋಯಿತು.

ಗಾಡಿಯನ್ನು ಟ್ರ್ಯಾಕ್ಟರಿಗೆ ಕಟ್ಟಿ ಮನೆಗೆ ತಂದಿರಿ. ಮಧ್ಯಾಹ್ನ ಗ್ಯಾರೇಜಿನ ಮೇಸ್ತ್ರಿ ಹೇಮಪ್ಪ ಬಂದು ಎಷ್ಟು ರೇಸ್ ಕೊಟ್ಟರೂ ದೀಪ ಹತ್ತಲಿಲ್ಲ. ಗದಗಿನಿಂದ ಮರಳಿದ್ದ ಅಂದಪ್ಪ ಕಾಕಾನ ಎದುರಿಗೇ, "ಸಾಬ್ರ, ಗಾಡಿ ಬರೋಬ್ಬರಿ ಐತ್ರಿ. ನಿಮ್ಮ ಕಣ್ಣು ತೋರಿಸ್ಕೋರಿ" ಎಂದ. ನೀವು ನನ್ನ ಕಡೆ ತಿರುಗಿ, "ನೀ ಏನಂತೀಯಲೇ ಮಾಶಾಕ?" ಎಂದು ಕೇಳಿದಿರಿ. "ಹೇಮಪ್ಪಣ್ಣ ಹೇಳೂದು ಖರೆ ಇರಬಹುದ್ರಿ" ಎಂದೆ. ನೀವು ಗಾಡಿಯ ಕೀಲಿಯನ್ನು ಗೂಡಿನಲ್ಲಿಟ್ಟು ಹೊಂಬಳದ ದಾರಿ ಹಿಡಿದಿರಿ. ಈಗ ಅಕ್ಕ ಬರೆದಿದ್ದಾಳೆ: ಮೊಮ್ಮಗನ ಕೈ ಹಿಡಿದು ರಸ್ತೆ ದಾಟಿಸಲೂ ನೀವು ಒಪ್ಪುವುದಿಲ್ಲವಂತೆ, "ನನ್ನ ಕಣ್ಣಿನ ಭರೋಸಾ ಇಲ್ಲವ್ವಾ" ಎನ್ನುತ್ತೀರಂತೆ. ಅದನ್ನು ಓದಿದಂದಿನಿಂದ ನನಗೆ ಊಟ ಸೇರುತ್ತಿಲ್ಲ.

ಅಕ್ಕನಿಗೂ ಭಾವನಿಗೂ ಸಲಾಂ ತಿಳಿಸಿ. ಮಕ್ಕಳಿಗೆ ಮುದ್ದು. ಅಲ್ಲಾಹು ನಿಮ್ಮನ್ನು ಚೆನ್ನಾಗಿಟ್ಟಿರಲಿ.

ತಲೆ ತಗ್ಗಿಸಿದ ನಿಮ್ಮ ಮಗ,
ಮಾಶಾಕ

ತಾ.ಕ.: ಇಷ್ಟು ಬರೆದೂ ಮುಖ್ಯವಾದದ್ದನ್ನೇ ನುಂಗಿದ್ದೆ. ಹೇಮಪ್ಪ ಬರುವ ಮೊದಲು, ನೀವು ನಮಾಜಿಗೆ ಹೋಗಿದ್ದಾಗ, ನಾನು ಗಾಡಿ ಚಾಲೂ ಮಾಡಿ ರೇಸ್ ಕೊಟ್ಟು ನೋಡಿದೆ. ದೀಪ ನನ್ನ ಕಣ್ಣೆದುರೇ ಹತ್ತಿತು. ವೈರು ಕಿತ್ತು ಜೇಬಿಗೆ ಹಾಕಿಕೊಂಡೆ. ನಿಮ್ಮ ಕಣ್ಣು ಸುಳ್ಳು ಹೇಳಲಿಲ್ಲ ಅಪ್ಪಾ, ನಾನು ಹೇಳಿದೆ. ಇಂದು ಮುಂಜಾನೆ ಹೇಮಪ್ಪನಿಗೂ ಅಂದಪ್ಪ ಕಾಕಾನಿಗೂ ಎಲ್ಲ ತಿಳಿಸಿ ಬಂದೆ. ಮಂಜವ್ವ ಬಾಗಿಲಲ್ಲೇ ನಿಂತು ಕೊನೆಯವರೆಗೂ ಕೇಳಿಸಿಕೊಂಡು ಒಳಗೆ ಹೋದಳು. ಈ ಪತ್ರವನ್ನು ಅಕ್ಕ ಓದಿ ಹೇಳುತ್ತಿದ್ದರೆ ಅವಳ ಕೈಯಿಂದ ತೆಗೆದುಕೊಳ್ಳಿ, ಮೊದಲಿನಿಂದ ನೀವೇ ಓದಿ.