ನೋಡುವುದು ಬೇರೆ, ಆಡುವುದು ಬೇರೆ

ಡಿಸೆಂಬರ್ ೧೧, ಗುರುವಾರ. ದಾಸನಕೊಪ್ಪ

ಜಂಪರ್ ಎರಡು ಹೊಲಿದು ಮುಗಿದವು. ಮೂರನೆಯದಕ್ಕೆ ಹುಕ್ಸ್ ಬಾಕಿ, ಬಂದಮೇಲೆ ನೋಡಿದರಾಯಿತು. ನಾಳೆಯಿಂದ ಮೂರು ದಿನ ಮಷಿನ್ ಮುಚ್ಚಿ ಶಿರಸಿಗೆ, ಸಿದ್ದವ್ವಕ್ಕನ ಮನೆಗೆ. ಪ್ರತಿ ಚಳಿಗಾಲಕ್ಕೂ ಹೋಗುತ್ತೇನೆ. ಪೇಟೆ ತಿರುಗುವುದು, ನಾಟಕ ನೋಡುವುದು. ನನ್ನ ವರ್ಷದ ರಜೆ ಅಷ್ಟೇ.

ಈ ಸಲ ಒಂದೇ ತಂಡ, ಮೂರು ಊರು. ಶುಕ್ರವಾರ ಯಲ್ಲಾಪುರ, ಶನಿವಾರ ಸಿದ್ದಾಪುರ, ಭಾನುವಾರ ಶಿರಸಿ. ಕರಪತ್ರದಲ್ಲಿ ನಾಲ್ಕನೆಯ ಹೆಸರು ಸ್ಫೂರ್ತಿ. ನಮ್ಮ ಮಗಳು. ಬ್ಯಾಂಕ್ ಪರೀಕ್ಷೆ ಬರೆಯುತ್ತೇನೆಂದವಳು ಬಣ್ಣ ಹಚ್ಚಲು ಹೋದಳು. ಎಂಟು ತಿಂಗಳಾಯಿತು, ಮಾತಿಲ್ಲ.

"ಮಗಳ ನಾಟಕಕ್ಕ ಹೊಂಟೀ?" ಎಂದು ನಮ್ಮ ಮನೆಯವರು ಮೀಸೆಯಲ್ಲೇ ನಕ್ಕರು. ಮಗಳ ನಾಟಕಕ್ಕಲ್ಲ! ಪ್ರತಿ ವರ್ಷ ಹೋಗುವ ಹಾಗೆ ಹೋಗುತ್ತಿದ್ದೇನೆ. ನೋಡುವುದು ಬೇರೆ, ಆಡುವುದು ಬೇರೆ. ಎಷ್ಟು ಹೇಳಿದರೂ ಈ ಮನುಷ್ಯನ ತಲೆಗೆ ಹೋಗುವುದಿಲ್ಲ.

ಡಿಸೆಂಬರ್ ೧೨, ಶುಕ್ರವಾರ. ಯಲ್ಲಾಪುರ, ಸಂಜೆ ೭.೨೦

ಹಾಲ್ ಹೊರಗಿನ ಕಟ್ಟೆ ಮೇಲೆ ಕೂತು ಬರೆಯುತ್ತಿದ್ದೇನೆ. ಪೆನ್ನು ಒತ್ತಿ ಒಂದು ಹಾಳೆ ಹರಿದೇಹೋಯಿತು. ಅಷ್ಟು ಸಿಟ್ಟು.

ಆರೂವರೆಗೆ ನಾಟಕ. ಅಕ್ಕ ಬಸ್ ಇಳಿದವಳೇ ಹೋಟೆಲ್ ಹೊಕ್ಕಳು. "ಯಾವ ನಾಟಕ ಹೇಳಿದ ಟೈಮಿಗೆ ಚಾಲೂ ಆಗೇತಿ? ಬಾ, ಬಿಸಿ ಮಿರ್ಚಿ ಅದಾವ." ನಾನೂ ಕೂತೆ. ನನ್ನ ಜನ್ಮದಲ್ಲಿ ಒಂದು ನಾಟಕವೂ ಟೈಮಿಗೆ ಶುರುವಾದದ್ದು ನೋಡಿಲ್ಲ. ಮೈಕ್ ಸರಿಯಾಗಬೇಕು, ಅತಿಥಿಗಳು ಬರಬೇಕು, ಹಾರ ಹಾಕಬೇಕು... ಏಳಕ್ಕೆ ಬಂದರೆ ಬಾಗಿಲು ಬಂದ್!

"ಆರೂವರೆಗೇ ಶುರುವಾಯ್ತಲ್ರಾ ಅಮ್ಮ. ಈಗ ಬಿಡೂಕಾಗುದಿಲ್ಲ," ಎಂದ ಬಾಗಿಲು ಕಾಯುವ ಮುದುಕ.

"ಒಳಗ ಇಕಿ ಮಗಳ ಅದಾಳ್ರಿ!" ಎಂದಳು ಅಕ್ಕ.

"ಅವ್ರು ಹೊತ್ತಿಗೆ ಸರಿಯಾಗೇ ಬಂದಾರೆ."

ಎಂಥ ಸೊಕ್ಕು!

ಬಾಗಿಲ ಸಂದಿಯಿಂದ ಸ್ಫೂರ್ತಿಯ ದನಿ ಬಂತು. "ಬಣ್ಣಾ ಹಚ್ಚಿಕೊಂಡಾಕಿನ್ನ ಯಾರ ಮದುವಿ ಆಗ್ತಾರ? ಕನ್ನಡೀನ?" ನನ್ನ ಮಾತು! ಏಪ್ರಿಲ್‌ನಲ್ಲಿ ಅವಳಿಗೆ ನಾನೇ ಬೈದದ್ದು, ಒಂದಕ್ಷರ ಬಿಟ್ಟಿಲ್ಲ. ಒಳಗೆ ಮಂದಿ ಬಿದ್ದು ಬಿದ್ದು ನಗುತ್ತಿದ್ದಾರೆ.

ಡಿಸೆಂಬರ್ ೧೩, ಶನಿವಾರ. ಬೆಳಿಗ್ಗೆ, ಶಿರಸಿ

ಅಕ್ಕನ ಜೊತೆ ಮಾತು ಬಿಟ್ಟಿದ್ದೇನೆ. ದೇವಿಕೆರೆ ಕಡೆ ತಿರುಗಾಡಿ ಬರೋಣ ಎಂದಳು. ಕಂಬಳಿ ಎಳೆದುಕೊಂಡು ಮಲಗಿದೆ.

ಇವತ್ತು ಸಿದ್ದಾಪುರದಲ್ಲಿ ಮುಂದಿನ ಸಾಲಿಗೇ ಕೂರುತ್ತೇನೆ. ಆ ಮಾತು ಬಂದಾಗ ಎದ್ದು ನಿಂತು ಕೇಳಿಯೇ ಬಿಡುತ್ತೇನೆ. ಹೆತ್ತವಳ ಬೈಗುಳಕ್ಕೆ ಟಿಕೆಟ್ ಇಟ್ಟು ನಗಿಸುತ್ತೀಯಾ?

ಡಿಸೆಂಬರ್ ೧೪, ಭಾನುವಾರ. ಬೆಳಿಗ್ಗೆ, ಶಿರಸಿ

ಆಗಬಾರದ್ದು ಆಯಿತು.

ನಿನ್ನೆ ಐದಕ್ಕೇ ಹೋಗಿ ಕುರ್ಚಿ ಹಿಡಿದೆ. ಸ್ಫೂರ್ತಿ ಬಂದಳು, ತಾಯಿಯ ಪಾತ್ರ. ನನ್ನ ಹಾಗೇ ಸೆರಗು ಸಿಕ್ಕಿಸಿ, ನನ್ನ ಹಾಗೇ ಸೊಂಟಕ್ಕೆ ಕೈಯಿಟ್ಟು ಬೈದಳು. ಮಂದಿ ನಕ್ಕರು. ಏಳಬೇಕಿತ್ತು. ಆದರೆ... ಚೆನ್ನಾಗಿ ಮಾಡಿದಳು. ಬರೆಯಲು ಹೊಟ್ಟೆ ಉರಿಯುತ್ತದೆ, ಆದರೆ ನಿಜ. ನನಗೂ ನಗು ಬಂತು.

ಆಮೇಲೆ ಹಿಟ್ಟು ನಾದುವ ಪರಾತ ಇಟ್ಟುಕೊಂಡು ರೊಟ್ಟಿಗೆ ಕೂತಳು. ನಾಟಕದ ಮಗಳು ಮನೆ ಬಿಡುವ ದಿನ, ತಾಯಿ ಮುಖ ತಿರುಗಿಸಿಕೊಂಡೇ ದಾರಿಗೆ ರೊಟ್ಟಿ ಮಾಡುವುದು. ಅವಳು ಹೋದ ದಿನ ನಾನೂ ಮಾಡಿ ಚೀಲದ ತಳಕ್ಕೆ ಇಟ್ಟಿದ್ದೆ. ಆ ಸುದ್ದಿಯನ್ನೇ ಅವಳು ಎತ್ತಿರಲಿಲ್ಲ, ಉಪಕಾರ ಸ್ಮರಣೆ ಇಲ್ಲದವಳು.

ಆದರೆ ಬಡಿಯುವುದು ನೋಡಬೇಕು! ಹಿಟ್ಟಿಗೆ ತಣ್ಣೀರು. ಅಂಚೆಲ್ಲ ಸೀಳಿತು. ತಡೆಯಲಾಗದೆ ಒದರಿಯೇ ಬಿಟ್ಟೆ. "ತಣ್ಣೀರಾಗ ರೊಟ್ಟಿ ಹೆಂಗ ಬರ್ತೈತಲೇ! ಎಸರ ಹಾಕು!"

ಹಾಲ್‌ಗೆ ಹಾಲೇ ನನ್ನ ಕಡೆ ತಿರುಗಿತು. ಸ್ಫೂರ್ತಿಯ ಕೈ ನಿಂತಿತು. ತಲೆ ಎತ್ತದೆ ಹೇಳಿದಳು, "ನಮ್ಮವ್ವ ಕಲಿಸಲಿಲ್ರಿ. ಸಿಟ್ಟಿನ್ಯಾಗ ಇದ್ಲು."

ನಾಟಕದ ಮಾತೇ ಎಂದುಕೊಂಡು ಮಂದಿ ಚಪ್ಪಾಳೆ ತಟ್ಟಿದರು. ಮುಗಿದು ದೀಪ ಹತ್ತುವ ಮೊದಲೇ ಎದ್ದು ಬಸ್ ಹಿಡಿದೆ.

ಮಧ್ಯಾಹ್ನ

ಅವಳ ಫೋನ್! ಎಂಟು ತಿಂಗಳ ಮೇಲೆ. ಹೇಗಿದ್ದೀ ಅನ್ನಲಿಲ್ಲ, ಊಟ ಆಯ್ತಾ ಅನ್ನಲಿಲ್ಲ.

"ಅವ್ವಾ, ಇವತ್ತ ಶಿರಸಿಯಾಗ ಒದರಬ್ಯಾಡ."

"ಹಂಗಾರ ನೆಟ್ಟಗ ರೊಟ್ಟಿ ಬಡಿ."

"ನಂಗ ಬರಂಗಿಲ್ಲ."

ಇಟ್ಟುಬಿಟ್ಟಳು. ತಾಯಿಯ ಜೊತೆ ಮಾತಾಡುವ ರೀತಿಯೇ ಇದು?

ಸಂಜೆ ೪.೪೦

ಹಾಲ್ ಹಿಂದಿನ ಬಣ್ಣದ ಕೋಣೆ. ಅಕ್ಕನ ಮನೆಯಿಂದ ಜೋಳದ ಹಿಟ್ಟು, ಥರ್ಮಾಸ್‌ನಲ್ಲಿ ಎಸರು ತಂದಿದ್ದೇನೆ. ನಾಟಕದ ಮರ್ಯಾದೆಗಾಗಿ, ಮತ್ತಾವುದಕ್ಕೂ ಅಲ್ಲ. ಸ್ಫೂರ್ತಿ ಎದುರಿಗೇ ಕೂತಿದ್ದಾಳೆ, ಅರ್ಧ ಮುಖಕ್ಕೆ ಬಣ್ಣ. ಅವಳು ನಾದುತ್ತಿದ್ದಾಳೆ, ನಾನು ಬರೆಯುತ್ತಿದ್ದೇನೆ. ಅವಳ ಕಣ್ಣಿನ ಕಾಡಿಗೆ ಕೆನ್ನೆಗೆ ಇಳಿಯುತ್ತಿದೆ. ಒರೆಸಿಕೊಳ್ಳಲು ಕೈಯೆಲ್ಲ ಹಿಟ್ಟು... ಅಯ್ಯೋ, ನೋಡದೆ ಇನ್ನೂ ನೀರು ಸುರಿಯುತ್ತಿದ್ದಾಳೆ. ಸಾಕು, ಸಾಕಲೇ, ಇತ್ತ ತಾ —