ಬೋರಿಂಗಿನ ಹಿಡಿಕೆ

ಚಿದ್ರಿ, ಬೀದರ
೧೪ ಫೆಬ್ರವರಿ ೧೯೩೬

ಚಿ. ಸೌ. ವಿಮಲಾಗೆ ನಿನ್ನ ಅವ್ವನ ಆಶೀರ್ವಾದಗಳು.

ಚೊಚ್ಚಲ ಬಾಣಂತನಕ್ಕೆ ಬಂಡಿ ಯಾವಾಗ ಕಳಿಸುತ್ತೀ ಎಂದು ನೀನು ಕೇಳಿದ್ದೆ. ಉತ್ತರ ತಡವಾಯಿತು, ಸಿಟ್ಟಾಗಬೇಡ. ಬಂಡಿ ಬರುವುದಿಲ್ಲ. ನೀನು ತವರಿಗೆ ಬರಕೂಡದು. ಪೂರ್ತಿ ಓದು, ಆಮೇಲೆ ಬೇಕಾದರೆ ಅಳು.

ನಿನ್ನ ಅಣ್ಣ ಶಿವರಾಜ ಓಣಿಗೆ ಕೈಯಿಂದ ಒತ್ತಿ ನೀರೆತ್ತುವ ಬೋರಿಂಗ್ ಹಾಕಿಸಿ, ತೀರಿಕೊಂಡ ನಿಮ್ಮಪ್ಪನ ಹೆಸರನ್ನು ಕಲ್ಲಲ್ಲಿ ಕೆತ್ತಿಸಿದನಲ್ಲ, ಅದರ ನೀರಿನಲ್ಲಿ ಸೀಸವಿದೆ. ಹಿಂದೆ ಅಲ್ಲಿ ಬಂದೂಕಿನ ಗುಂಡು ಎರೆಯುವ ಭಟ್ಟಿ ಇತ್ತಂತೆ, ಅದರ ಕಿಟ್ಟವೆಲ್ಲ ಅಲ್ಲೇ ಹೂತಿದೆ. ನೀರು ತುಸು ಸಿಹಿ ಎಂದು ಎಲ್ಲರೂ ಮುಗಿಬಿದ್ದರು.

ನಿನ್ನ ಅತ್ತಿಗೆ ಕಸ್ತೂರಿ ಬಸುರಿನಲ್ಲಿ ಇದನ್ನೇ ಕುಡಿದಳು. ಹೊಟ್ಟೆ ಹಿಂಡತೊಡಗಿತು, ಮುಂಗೈ ಜೋತುಬಿತ್ತು, ರೊಟ್ಟಿ ಬಡಿಯಲಾಗದು. ಹಕೀಮ ಗೌಸೋದ್ದೀನ ಸಾಹೇಬರು ಅವಳ ಒಸಡಿನ ನೀಲಿ ಗೆರೆ ನೋಡಿ, "ಬಾಯಾರ, ಸೀಸ ಕರಗಸೋರ ಬಾಯಾಗ ಕಾಣೂ ಗೆರಿ ಇದು. ಸೊಸಿ ಭಟ್ಟಿಗಿ ಹೋಗ್ತಾಳೇನ್ರಿ?" ಎಂದರು.

"ಭಟ್ಟಿನೇ ನಮ್ಮ ಕೊಡದಾಗ ಬಂದದರಿ" ಎಂದೆ.

ಮರುದಿನವೇ ಕಮ್ಮಾರ ಮಕ್ಸೂದನಿಂದ ಬೋರಿಂಗಿನ ಹಿಡಿಕೆ ಬಿಚ್ಚಿಸಿ ಬಚ್ಚಿಟ್ಟೆ. ಓಣಿಯ ಹಿರಿಯ ಮಡೆಪ್ಪ ನಾಲ್ಕು ಮಂದಿಯೊಡನೆ ಬಾಗಿಲಿಗೆ ಬಂದ.

"ಅಕ್ಕಾರ, ಗಂಡನ ಹೆಸರಿನ ನೀರಿಗಿ ವಿಷ ಅಂತೀರಿ, ನಾಲಿಗಿ ಹ್ಯಾಂಗ ಹೊಳ್ಳತದ್ರಿ?"

"ಹೆಸರು ಕಲ್ಲಿನ ಮ್ಯಾಲ ಅದ ಮಡೆಪ್ಪ, ನೀರಾಗಿಲ್ಲ. ಕಲ್ಲಿಗಿ ಕೈ ಮುಗಿ, ನೀರು ಊರಾಚಿ ಬಾವಿದು ಕುಡಿ."

"ಲಿಂಗದ ಮ್ಯಾಲ ಬಿದ್ದ ನೀರು ತೀರ್ಥ ಆಗ್ತದರಿ."

"ಆಗ್ತದಪ್ಪ. ಸೀಸಕ್ಕ ಅದು ತಿಳೀಬೇಕಲ್ಲ!"

ಹಿಂದಿದ್ದವರು ನಕ್ಕರು. ಅವನು ಬೈದುಕೊಂಡು ಹೋದ.

ಶಿವರಾಜ ಮಾತ್ರ "ಅಪ್ಪನ ಹೆಸರು ಮಣ್ಣಿಗಿ ಹಾಕ್ದಿ ಅವ್ವಾ" ಎಂದು ನನ್ನ ಜೊತೆ ಊಟ ಬಿಟ್ಟಿದ್ದಾನೆ. ಹಿಡಿಕೆಗಾಗಿ ಮನೆಯೆಲ್ಲ ಜಾಲಾಡುತ್ತಿದ್ದಾನೆ. ಸಿಕ್ಕ ದಿನವೇ ಕೂಡಿಸುತ್ತಾನೆ. ಇಂಥ ಮನೆಗೆ ನಿನ್ನನ್ನು ಕರೆಸಿಕೊಂಡು, ಯಾವ ಕೊಡದಲ್ಲಿ ಯಾವ ನೀರೋ ಎಂದು ನಾನು ಕಾಯುತ್ತ ಕೂರಬೇಕೆ?

ಸೋಮವಾರ ನಾನೇ ಸಾಯಗಾಂವಕ್ಕೆ ಬರುತ್ತೇನೆ. ಬಾಣಂತನ ನಿನ್ನ ಗಂಡನ ಮನೆಯಲ್ಲೇ. ಕಸ್ತೂರಿಯೂ ಬರುತ್ತಾಳೆ, ಹಿಡಿಕೆಯೂ ನನ್ನ ಗಂಟಿನಲ್ಲಿ ಬರುತ್ತದೆ. ಮೊಮ್ಮಗು ಹುಟ್ಟುವ ತನಕ ಹೆತ್ತವರು ಮಗಳ ಮನೆಯ ನೀರು ಮುಟ್ಟಬಾರದೆಂದು ಇಷ್ಟು ದಿನ ನಮ್ಮ ಮನೆಯ ನೀರನ್ನೇ ಚರಿಗೆಯಲ್ಲಿ ಹೊತ್ತು ತರುತ್ತಿದ್ದೆ. ಈ ಸಲ ಚರಿಗೆ ತರುವುದಿಲ್ಲ. ನಿಮ್ಮ ಬಾವಿಯ ನೀರನ್ನು ಎಲ್ಲರೆದುರೇ ಕುಡಿಯುತ್ತೇನೆ. ನಿನ್ನ ಅತ್ತೆ ಅಂಜನಾಬಾಯಿ "ಬೀಗತಿ ನೀರಿಗಿ ಬಂದಾಳ" ಎಂದು ನಗಲಿ. "ಹೌದ್ರಿ, ನೀರಿಗೇ ಬಂದೀನಿ" ಎನ್ನುತ್ತೇನೆ.

ಅಲ್ಲಿಯ ತನಕ ಭಾರ ಎತ್ತಬೇಡ. ಬಸವಣ್ಣ ನಿನ್ನನ್ನೂ ನಿನ್ನ ಹೊಟ್ಟೆಯ ಜೀವವನ್ನೂ ಕಾಯಲಿ.

ನಿನ್ನ ಅವ್ವ,
ಸುಂದರಬಾಯಿ

ತಾ.ಕ.: ಅತ್ತಿಗೆಗೆ ಏನು ಹುಟ್ಟಿತೆಂದು ನೀನು ಕೇಳಿದ್ದೆ. ಗಂಡು. ಅಳಲೇ ಇಲ್ಲ. ತನ್ನ ಕೂಸಿಗೆಂದು ಹೊಲಿದ ಕುಂಚಿಗೆಯನ್ನು ಕಸ್ತೂರಿ ನಿನ್ನ ಕೂಸಿಗೆ ತರುತ್ತಾಳೆ, ಬೇಡ ಎನ್ನಬೇಡ. ನಿನ್ನ ಅಣ್ಣನಿಗೂ ಕಟುವಾಗಿ ಬರೆಯಬೇಡ. ನೀರು ಒಳ್ಳೆಯದೆಂದು ಅವನು ಹಟ ಹಿಡಿದದ್ದು ಅಪ್ಪನ ಹೆಸರಿಗಾಗಿ ಅಲ್ಲ. ಅವಳಿಗೆ ದಿನಾ ಕೊಡ ತುಂಬಿ ತಂದವನು ಅವನೇ.